ಹಣಮಂತ ಕಾಕಾ ಮತ್ತು ಅಂತರ್ಜಾಲದ ಕತ್ತೆಗಳು

ಯಾರಾದರೂ ಫೋಟೋ ತಂದು ತೋರಿಸಿದರೆ ಹಣಮಂತ ಕಾಕಾ ಮೊದಲು ಅದನ್ನು ತಲೆಕೆಳಗಾಗಿ ಹಿಡಿದು ನೋಡುತ್ತಿದ್ದರು. ಮದುವೆಯ ಆಲ್ಬಮ್ ಆದರೂ ಸರಿ, ಮೊಮ್ಮಗಳ ನಾಮಕರಣವಾದರೂ ಸರಿ. ತಂದವರು ಪಾಪ, "ಕಾಕಾ, ಉಲ್ಟಾ ಹಿಡದೀರಿ" ಎಂದು ತಿದ್ದಲು ಹೋದರೆ ಕನ್ನಡಕದ ಮೇಲಿನಿಂದ ಒಮ್ಮೆ ನೋಡಿ, "ಸೀದಾ ಹಿಡದ್ರ ನಿಮ್ಮ ಅಳಿಯಾ ಕಾಣ್ತಾನ. ಉಲ್ಟಾ ಹಿಡದ್ರ ಬೆಳಕು ಎಲ್ಲಿ ಬಿದ್ದೈತಿ ಅಂತ ಕಾಣತೈತಿ. ನಿಮ್ಮ ಅಳಿಯಾನ ಕೂಡ ನನಗೇನ್ ಕೆಲಸ?" ಎನ್ನುತ್ತಿದ್ದರು. ಆಮೇಲೆ ಆಲ್ಬಮ್ ಮುಚ್ಚಿ, ಮೃದುವಾಗಿ "ಬರೋಬರ್ ಐತಿ" ಎಂದು ಹಿಂದಕ್ಕೆ ಕೊಡುತ್ತಿದ್ದರು.

ಅವರ ಬಾಯಲ್ಲಿ 'ಬರೋಬರ್' ಎಂದರೆ ಸರಿಯಾಗಿದೆ ಎಂದಲ್ಲ. ನಾಗಪುರದಲ್ಲಿ ಎಲ್ಲರೂ ಎಲ್ಲದಕ್ಕೂ ಬಳಸುವ ಆ ಮಾತನ್ನು ಅವರು ಬೈಗುಳವಾಗಿ ಪಳಗಿಸಿಕೊಂಡಿದ್ದರು. ಎದುರಿಗಿರುವುದು ಕೆಟ್ಟದ್ದಾದಷ್ಟೂ ಬರೋಬರ್ ಸಿಹಿಯಾಗುತ್ತಿತ್ತು. ಹೊಗಳಿಸಿಕೊಂಡೆವು ಎಂದು ಖುಷಿಯಾಗಿ ಮನೆಗೆ ಹೋದ ಎಷ್ಟೋ ಮಂದಿಯನ್ನು ನಾನೇ ನೋಡಿದ್ದೇನೆ.

ಕಾಕಾ ಬಾಗಲಕೋಟೆ ಕಡೆಯವರು. ನಾಗಪುರದ ರೈಲ್ವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದು, ನಿವೃತ್ತಿಯಾದ ಮೇಲೂ ಧರಮಪೇಠದ ಹಳೆಯ ಮನೆಯಲ್ಲೇ ಉಳಿದಿದ್ದರು. ಬ್ಯಾಂಕಿನ ವರ್ಗಾವಣೆಯಲ್ಲಿ ಮೈಸೂರಿನಿಂದ ಬಂದ ನಾನು ಅದೇ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ನನ್ನ ಕನ್ನಡ ಕೇಳಿ ಮೊದಲ ದಿನವೇ, "ನಿಮ್ಮ ಕನ್ನಡ ಇಸ್ತ್ರೀ ಮಾಡಿ ಮಡಚಿ ಇಟ್ಟಂಗ ಐತಿ. ಯಾವಾಗರ ಉಟ್ಕೋತೀರೋ ಇಲ್ಲೋ?" ಎಂದು ಕೇಳಿದ್ದರು. ಅವರ ಮನೆಯ ಸ್ನಾನದ ಕೋಣೆಗೆ ಕಪ್ಪು ಪರದೆ ಕಟ್ಟಿತ್ತು. ಕಾಕಾ ಒಳಗೆ ಫೋಟೋ ತೊಳೆಯುತ್ತಿದ್ದರೆ ಅಂದು ಯಾರಿಗೂ ಸ್ನಾನವಿಲ್ಲ. ಅವರ ಹೆಂಡತಿ ಕಾಕು ಹೊರಗೆ ನಿಂತು, "ರೈಲ್ವೆದಾಗ ಇದ್ದಾಗ ಎಲ್ಲಾ ಲೇಟ್ ಮಾಡಿದ್ರಿ, ಈಗ ಮನ್ಯಾಗೂ ಅದ ಹಣೇಬಾರ" ಎಂದು ಗೊಣಗುತ್ತಿದ್ದರು.

ಊರಿನ ಜನ ಮದುವೆ ಮುಂಜಿಯ ಫೋಟೋ ತೆಗೆಯಲು ಕರೆದರೆ ಕಾಕಾ ಹೋಗುತ್ತಿರಲಿಲ್ಲ. ಕಳಮನಾ ಮಾರುಕಟ್ಟೆ, ಕನ್ಹಾನ್ ನದಿಯ ರೈಲು ಸೇತುವೆ, ಇಂಥ ಕಡೆ ಅಲೆಯುತ್ತಿದ್ದರು. ಒಂದು ನಿಯಮವಿತ್ತು. ಯಾರ ಮುಖ ತೆಗೆದರೂ ಅವರಿಗೆ ಒಂದು ಪ್ರತಿ ತಾವೇ ಒಯ್ದು ಕೊಡಬೇಕು. ಕಳಮನಾದಲ್ಲಿ ಸಂತ್ರಾ, ಅಂದರೆ ಕಿತ್ತಳೆ, ಆರಿಸುವ ಶೇವಂತಾಬಾಯಿಗೂ ಹಾಗೆಯೇ ಕೊಟ್ಟಿದ್ದರು. ಹಣ್ಣಿನ ರಾಶಿಯ ನಡುವೆ ಕುಳಿತು, ಯಾರದೋ ಮಾತಿಗೆ ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿರುವ ಹೆಂಗಸು. ಆ ಫೋಟೋ ಒಂದನ್ನೇ ಕಾಕಾ ತಲೆಕೆಳಗು ಮಾಡದೆ ನೋಡುತ್ತಿದ್ದುದು. ಅದನ್ನು ಕೊಟ್ಟಾಗ ಅವಳು, ಇದನ್ನು ಇನ್ನೆಲ್ಲಿ ಹಾಕುತ್ತೀರಿ ಎಂದು ಕೇಳಿದಳಂತೆ. "ತುಮ್ಹಾಲಾ ಏಕ್, ಮಲಾ ಏಕ್. ತಿಸರಾ ನಾಹೀ" ಎಂದು ಕಾಕಾ ಮಾತು ಕೊಟ್ಟರು. ನಿಮಗೊಂದು, ನನಗೊಂದು, ಮೂರನೆಯದು ಇಲ್ಲ.

ಮೂರನೆಯದನ್ನು ಮಾಡಿದವನು ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಪ್ರಶಾಂತ. ನಾಗಪುರದಲ್ಲೇ ಹುಟ್ಟಿ ಬೆಳೆದವನು. ಕನ್ನಡ ಮಾತಾಡುತ್ತಿದ್ದ, ಅಕ್ಷರ ಬರುತ್ತಿರಲಿಲ್ಲ. ಕನ್ನಡ ಓದಲು ಬಾರದವನು ಕನ್ನಡ ಸಂಘದ ಕಾರ್ಯದರ್ಶಿಯಾಗುವುದು ಹೇಗೆ ಎಂದು ಕೇಳಬೇಡಿ. ಓದಲು ಬರುತ್ತಿದ್ದವರು ಯಾರೂ ಕುರ್ಚಿ ಎತ್ತಿಡುವ ಕೆಲಸಕ್ಕೆ ಬರುತ್ತಿರಲಿಲ್ಲ. ರಾಜ್ಯೋತ್ಸವದ ದಿನ ಸಂಘದ ಹಾಲಿನಲ್ಲಿ ಕಾಕಾನ ಫೋಟೋಗಳ ಪ್ರದರ್ಶನ ಇಟ್ಟಿದ್ದೆವು. ಶೇವಂತಾಬಾಯಿಯದೂ ಇತ್ತು, ಕಾಕಾನ ಪಾಲಿನ ಆ ಒಂದೇ ಪ್ರತಿ. ಗೋಡೆಯ ಮೇಲಿದ್ದ ಫೋಟೋಗಳನ್ನೆಲ್ಲ ಪ್ರಶಾಂತ ಸ್ಕ್ಯಾನ್ ಮಾಡಿಸಿ, ಸಂಘದ ಹೊಸ ವೆಬ್‌ಸೈಟಿಗೆ ಏರಿಸಿಬಿಟ್ಟ. ಕಾಕಾನನ್ನು ಕೇಳಲಿಲ್ಲ, ಅವರ ಹೆಸರನ್ನೂ ಹಾಕಲಿಲ್ಲ.

ಅದು ನಮಗೆ ತಿಳಿದದ್ದು ಗೋಡೆಯ ಮೇಲಿಂದ. ಒಂದು ಬೆಳಿಗ್ಗೆ ಕಾಕಾ ಕಳಮನಾಗೆ ಹೋದರೆ ಮಾರುಕಟ್ಟೆಯ ಕಾಂಪೌಂಡಿಗೆ ಉದ್ದಕ್ಕೂ ಪೋಸ್ಟರು. ಕುಡಿತ ಬಿಡಿಸುವ ಯಾವುದೋ ಪುಡಿಯ ಜಾಹೀರಾತು. ಅದರಲ್ಲಿ ಶೇವಂತಾಬಾಯಿ ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಾಳೆ, ಪಕ್ಕದಲ್ಲಿ ಮರಾಠಿಯಲ್ಲಿ ದಪ್ಪಕ್ಷರ: 'ನನ್ನ ಗಂಡ ಕುಡಿತ ಬಿಟ್ಟ!'

ಅವಳ ಗಂಡ ಅದೇ ಮಾರುಕಟ್ಟೆಯಲ್ಲಿ ಹಮಾಲಿ. ಕೊರಳಲ್ಲಿ ತುಳಸಿಮಾಲೆ ಹಾಕಿದ ವಾರಕರಿ, ವರ್ಷವರ್ಷ ಪಂಢರಪುರಕ್ಕೆ ನಡೆದು ಹೋಗುವವನು. ಜನ್ಮದಲ್ಲಿ ಹೆಂಡ ಮುಟ್ಟಿದವನಲ್ಲ. ಈಗ ಮೂಟೆ ಹೊತ್ತು ಬಂದಾಗಲೆಲ್ಲ ಜೊತೆಯವರು "ಏನಪ್ಪಾ, ಯಾವಾಗ ಬಿಟ್ಟೆ? ಮಾಲೆ ಹಾಕುವ ಮುಂಚೆಯೋ ಆಮೇಲೋ?" ಎಂದು ಕೇಳತೊಡಗಿದ್ದರು. ಅವನು ಕಾಕಾನನ್ನು ನೋಡಿದವನೇ ಮೂಟೆ ಇಳಿಸಿ, ಬೈಯಲೂ ಇಲ್ಲ, ಹೊಡೆಯಲೂ ಇಲ್ಲ, ಪೋಸ್ಟರಿನ ಕಡೆ ಕೈ ತೋರಿಸಿದನಂತೆ. ಶೇವಂತಾಬಾಯಿ ಮಾತ್ರ ಕೇಳಿದಳು: "ಭಾಊ, ತಿಸರಾ ನಾಹೀ ಮ್ಹಣಾಲಾ ಹೋತಾ ನಾ?" ಮೂರನೆಯದು ಇಲ್ಲ ಅಂದಿದ್ದಿರಲ್ಲ, ಅಣ್ಣ?

ಕಾಕಾನ ಪ್ರತಿ ಮನೆ ದಾಟಿದ್ದು ಸಂಘದ ಪ್ರದರ್ಶನಕ್ಕೆ ಮಾತ್ರ. ಸಂಘ ವೆಬ್‌ಸೈಟ್ ಮಾಡಿಸಿದೆಯೆಂದು ಕೇಳಿದ್ದ ಕಾಕಾ ಮನೆಗೆ ಬಂದವರೇ ನನ್ನನ್ನು ಎಬ್ಬಿಸಿಕೊಂಡು ನೆಟ್ ಕೆಫೆಗೆ ಹೋದರು. ಅವರು ಅಂತರ್ಜಾಲ ನೋಡಿದ್ದು ಅದೇ ಮೊದಲು. ಆ ಕಾಲದಲ್ಲಿ ಚಿತ್ರ ಮೇಲಿನಿಂದ ಪಟ್ಟಿಪಟ್ಟಿಯಾಗಿ ಇಳಿಯುತ್ತಿತ್ತು. ಮೊದಲು ಸಂತ್ರಾದ ರಾಶಿ, ಆಮೇಲೆ ಹಣೆ, ಆಮೇಲೆ ಕಣ್ಣು. ಹಲ್ಲು ಕಾಣುವ ಹೊತ್ತಿಗೆ ಕಾಕಾ ಎದ್ದು ನಿಂತಿದ್ದರು. ಚಿತ್ರದ ಕೆಳಗೆ ಇಂಗ್ಲಿಷಿನಲ್ಲಿ ಬರೆದಿತ್ತು: 'ಕನ್ನಡ ನಾಡಿನ ರೈತ ಮಹಿಳೆ'. ಕಳಮನಾದಾಚೆ ಕಾಲಿಡದ ಆ ಹೆಂಗಸನ್ನು ನಮ್ಮ ಸಂಘ ಕರ್ನಾಟಕಕ್ಕೆ ದತ್ತು ಕೊಟ್ಟಿತ್ತು.

ಪ್ರಶಾಂತನಿಗೆ ಇದರಲ್ಲಿ ತಪ್ಪೇನೆಂದು ಕೊನೆಗೂ ಅರ್ಥವಾಗಲಿಲ್ಲ. "ಅಂಕಲ್, ನೆಟ್ ಮ್ಯಾಲೆ ಹಾಕಿದ್ರ ಪಬ್ಲಿಸಿಟಿ ಆಗ್ತದ ನಾ, ಫುಕಟ್‌ಮಧೇ! ತುಮ್ಹೀ ಖುಶ್ ವ್ಹಾಯಲಾ ಪಾಹಿಜೆ" ಎಂದ. ಪುಕ್ಕಟೆ ಪ್ರಚಾರ, ನೀವು ಸಂತೋಷಪಡಬೇಕು ಎಂದು ಅವನ ವಾದ. ತೆಗೆದುಹಾಕು ಎಂದರೆ, ಸೈಟ್ ಮಾಡಿಕೊಟ್ಟವನು ಪುಣೆಗೆ ಹೋಗಿದ್ದಾನೆ, ಪಾಸ್‌ವರ್ಡ್ ಅವನ ಹತ್ತಿರವೇ ಇದೆ ಎಂದ. "ಬರೋಬರ್ ಐತಿ" ಎಂದರು ಕಾಕಾ. ಆ ಹುಡುಗ ಥ್ಯಾಂಕ್ಸ್ ಎಂದ. ನನಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು, ಇಂದಿಗೂ ಅನಿಸುತ್ತದೆ.

ಪೋಸ್ಟರ್ ಅಚ್ಚು ಹಾಕಿದವನನ್ನು ಇತವಾರಿಯ ಒಂದು ಸಂದಿಯಲ್ಲಿ ಹುಡುಕಿದೆವು. ಹೊಟ್ಟೆ ಸವರಿಕೊಂಡು ಕುಳಿತಿದ್ದ. "ನೆಟ್ ಪರ್ ಸೇ ಲಿಯಾ, ಚಾಚಾ. ನೆಟ್ ಕಿಸೀ ಕೇ ಬಾಪ್ ಕಾ ಥೋಡೀ ಹೈ?" ಎಂದ. ನೆಟ್ ಯಾರಪ್ಪನ ಮನೆಯದು?

"ಬರೋಬರ್" ಎಂದರು ಕಾಕಾ. "ನೆಟ್ ಕಾ ಬಾಪ್ ಕೌನ್ ಹೈ, ಮಾಲೂಮ್ ನಹೀಂ. ಇಸ್ ಫೋಟೋ ಕಾ ಬಾಪ್ ಮೈಂ ಹೂಂ." ನೆಟ್ಟಿನ ಅಪ್ಪ ಯಾರೋ ಗೊತ್ತಿಲ್ಲ, ಈ ಫೋಟೋದ ಅಪ್ಪ ನಾನು.

ಅವನು ನಕ್ಕು, ಮುಂದಿನ ಸಲ ಮೂಲೆಯಲ್ಲಿ ನಿಮ್ಮ ಸ್ಟುಡಿಯೋದ ಹೆಸರು ಹಾಕುತ್ತೇನೆ ಎಂದು ಉದಾರವಾಗಿ ಹೇಳಿದ. ಮುಂದಿನ ಸಲವಂತೆ! ಕದ್ದ ಮನೆಗೆ ಮತ್ತೆ ಬರುವಾಗ ಚಪ್ಪಲಿ ಹೊರಗೆ ಬಿಟ್ಟು ಬರುತ್ತೇನೆ ಎಂಬ ಕಳ್ಳನ ಮರ್ಯಾದೆ ಅದು.

ಪೊಲೀಸ್ ಚೌಕಿಗೂ ಹೋದೆವು. ಹವಾಲ್ದಾರ ಕಾಕಾ ಹೇಳಿದ್ದನ್ನೆಲ್ಲ ಕೇಳಿ, ಫೋಟೋವನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ನೋಡಿ, "ಫೋಟೋ ತರ್ ತುಮಚ್ಯಾಜವಳಚ್ ಆಹೇ. ಮಗ್ ಚೋರೀಲಾ ಕಾಯ್ ಗೇಲಂ?" ಎಂದ. ಫೋಟೋ ನಿಮ್ಮ ಹತ್ತಿರವೇ ಇದೆ, ಹಾಗಾದರೆ ಕಳುವಾದದ್ದೇನು? ಪ್ರಶ್ನೆ ಕೇಳಿ ತಾನೇ ಬೆರಗಾದವನಂತೆ ಪಕ್ಕದವನ ಕಡೆ ನೋಡಿದ. ಕಳುವಾದದ್ದು ಒಬ್ಬ ಹೆಂಗಸು ಒಬ್ಬ ಮನುಷ್ಯನ ಮೇಲಿಟ್ಟಿದ್ದ ನಂಬಿಕೆ ಎಂದು ಅವನಿಗೆ ಹೇಗೆ ಹೇಳುವುದು? ಅದಕ್ಕೆ ಅವರ ಕಾನೂನಿನಲ್ಲಿ ಕಲಮು ಇಲ್ಲ.

ಕಾಕಾ ಮರುದಿನವೇ ಒಂದು ಬಕೆಟ್ ನೀರು, ಗೋಡೆ ಕೆರೆಯುವ ತಗಡು ಹಿಡಿದುಕೊಂಡು ಹೊರಟರು. ಕಳಮನಾದಿಂದ ಶುರು ಮಾಡಿ ಕನ್ಹಾನ್ ತನಕ, ಕಂಡ ಕಂಡ ಗೋಡೆಯಿಂದ ಆ ಪೋಸ್ಟರನ್ನು ಒದ್ದೆ ಮಾಡಿ ಕೆರೆಯುತ್ತ ಹೋದರು. ಹರಿಯುತ್ತಿರಲಿಲ್ಲ, ಮುಖವನ್ನು ಹರಿಯಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ. ಸುತ್ತಲಿನಿಂದ ಬಿಡಿಸಿ ಬಿಡಿಸಿ ತೆಗೆಯುತ್ತಿದ್ದರು, ಹಾಗಾಗಿ ಕೆಲಸ ಬಹಳ ನಿಧಾನ. ಒಂದು ಕಡೆ ಅದೇ ಹವಾಲ್ದಾರ ಸಿಕ್ಕಿ ಹಿಡಿದುಕೊಂಡ. ಪರರ ಪೋಸ್ಟರ್ ಕೀಳುವುದು ಅಪರಾಧವಂತೆ. ಆ ಕಾನೂನು ಮಾತ್ರ ಅವನಿಗೆ ಬಾಯಿಪಾಠವಾಗಿತ್ತು. ನಾನು ಹೋಗಿ ಕೈ ಮುಗಿದು ಬಿಡಿಸಿಕೊಂಡು ಬರಬೇಕಾಯಿತು. ಆಟೋದಲ್ಲಿ ಕಾಕಾ ಉಗುರಿನೊಳಗೆ ಸೇರಿದ್ದ ಅಂಟನ್ನು ಕೆರೆಯುತ್ತ ಕುಳಿತಿದ್ದರು.

ಮರುವರ್ಷದ ರಾಜ್ಯೋತ್ಸವಕ್ಕೆ ಪ್ರಶಾಂತ ಮತ್ತೆ ಫೋಟೋ ಕೇಳಿಕೊಂಡು ಬಂದ. ಕಾಕಾ ಒಪ್ಪಿಕೊಂಡದ್ದು ಕೇಳಿ ನನಗೆ ಆಶ್ಚರ್ಯ. "ಗ್ವಾಡಿಗೆ ಅಷ್ಟ ಹಾಕಬೇಕು. ಬ್ಯಾರೆ ಎಲ್ಲೂ ಹಾಕಂಗಿಲ್ಲ" ಎಂದು ಮೂರು ಭಾಷೆಯಲ್ಲೂ ಹೇಳಿದರು. ಈ ಸಲ ಮನುಷ್ಯರ ಮುಖ ಒಂದೂ ಇರಲಿಲ್ಲ, ಬರೀ ಸೇತುವೆ, ನದಿ, ಮೆಣಸಿನಕಾಯಿಯ ರಾಶಿ. ಪ್ರತಿ ಫೋಟೋದ ಕೆಳಮೂಲೆಯಲ್ಲಿ ಬಿಳಿ ಶಾಯಿಯಿಂದ, ಸಣ್ಣಗೆ, ಬಳ್ಳಿ ಹಬ್ಬಿದ ಹಾಗೆ ಏನೋ ಬರೆದಿದ್ದರು. ಪ್ರದರ್ಶನದ ದಿನ ಅದನ್ನು ಯಾರೂ ಓದಲಿಲ್ಲ. ಕನ್ನಡ ಬರುವ ಹಿರಿಯರೆಲ್ಲ ಉಪ್ಪಿಟ್ಟಿನ ಸಾಲಿನಲ್ಲಿದ್ದರು.

ಸಂಘದ ವಾರ್ಷಿಕೋತ್ಸವ ಬಂತು. ಬೆಂಗಳೂರಿನಿಂದ ಒಬ್ಬ ಸಾಹಿತಿ ಮುಖ್ಯ ಅತಿಥಿ. ವೇದಿಕೆಯ ಹಿಂದೆ ಗೋಡೆಯಷ್ಟು ದೊಡ್ಡ ಫ್ಲೆಕ್ಸ್, ಅದರ ತುಂಬ ಕಾಕಾ ತೆಗೆದ ಕನ್ಹಾನ್ ಸೇತುವೆ. ಪ್ರಶಾಂತ ನಮ್ಮ ಹತ್ತಿರ ಓಡಿ ಬಂದು, "ಅಂಕಲ್, ಈ ಸಲ ನೋಡ್ರಿ, ನಿಮ್ಮ ಸಹಿ ಸುದ್ದಾ ಕಟ್ ಮಾಡಿಲ್ಲ" ಎಂದು ಹೆಮ್ಮೆಯಿಂದ ಹೇಳಿದ. ಮೂಲೆಯ ಬಳ್ಳಿ ಈಗ ಗೇಣುದ್ದದ ಅಕ್ಷರಗಳಾಗಿತ್ತು. ಮುಖ್ಯ ಅತಿಥಿಗಳು ಮಾತಿಗೆ ಎದ್ದು, ಹಿಂದೆ ತಿರುಗಿ, ಸೇತುವೆಯನ್ನು ಮೆಚ್ಚಿ, ಮೈಕಿನಲ್ಲೇ ನಿಧಾನವಾಗಿ ಓದಿದರು: "ಕೇಳದೆ ತೆಗೆದುಕೊಂಡವನು ಕತ್ತೆ." ತಲೆದೂಗಿ, "ಬಹಳ ಅರ್ಥಪೂರ್ಣವಾದ ಸಾಲು. ಯಾರದಿದು?" ಎಂದು ಕೇಳಿದರು.

ಮುಂದೆ ಎರಡು ಸಾಲಿನಲ್ಲಿ ಕುಳಿತ ಹಿರಿಯರು ಗೊಳ್ಳೆಂದು ನಕ್ಕರು. ಹಿಂದೆ ಕುಳಿತ ಹುಡುಗರು "ಕ್ಯಾ ಬೋಲೇ, ಕ್ಯಾ ಬೋಲೇ?" ಎಂದು ಅಪ್ಪ ಅಮ್ಮಂದಿರನ್ನು ಕೇಳಿದರು, ಅನುವಾದವಾದ ಹಾಗೆಲ್ಲ ನಗು ಹಿಂದಿನ ಸಾಲುಗಳಿಗೆ ಹಬ್ಬಿತು. ಕೊನೆಯಲ್ಲಿ ಅರ್ಥವಾದದ್ದು ಪ್ರಶಾಂತನಿಗೆ. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಪಕ್ಕದಲ್ಲಿ ಕಾಕಾ ನಗಲಿಲ್ಲ. "ನಗ್ರಿ, ನಗ್ರಿ. ಪೋಸ್ಟರ್ ಇನ್ನೂ ಕಾಮಠಿ ರೋಡಿನ್ಯಾಗ ಐತಿ" ಎಂದರು. ಹೌದು, ಇತ್ತು. ಆ ಪುಡಿಯವರು ಎರಡನೆಯ ಸಲ ಅಚ್ಚು ಹಾಕಿಸಿದ್ದರು. ಇನ್ಯಾವುದೋ ಊರಿನ ಮುಲಾಮಿನ ಡಬ್ಬಿಯ ಮೇಲೂ ಅದೇ ನಗು ಬಂದಿದೆ ಎಂದು ಯಾರೋ ತಂದು ತೋರಿಸಿದ್ದರು. ಒಂದು ಕತ್ತೆಯನ್ನು ಸಭೆಯಲ್ಲಿ ನಿಲ್ಲಿಸಿದ್ದೆವು. ಉಳಿದವು ನಮಗೆ ಕಾಣದ ಊರುಗಳಲ್ಲಿ ಮೇಯುತ್ತಿದ್ದವು.

ನನಗೆ ದಾವಣಗೆರೆಗೆ ವರ್ಗವಾಯಿತು. ಎರಡು ಮಳೆಗಾಲ ಕಳೆದ ಮೇಲೆ ಕಾಕಾ ಹೋದರೆಂದು ಕಾಕು ಫೋನು ಮಾಡಿದರು. ಆಗ ಅಳುತ್ತ ನನಗೆ ನೆನಪಾದದ್ದು ಅವರ ಸ್ನಾನದ ಕೋಣೆಯೂ ಅಲ್ಲ, ಆ ಫ್ಲೆಕ್ಸೂ ಅಲ್ಲ. ನಾಗಪುರ ಬಿಡುವ ಮುನ್ನ ಅವರ ಜೊತೆ ಕಳಮನಾಗೆ ಹೋಗಿದ್ದ ಒಂದು ಬೆಳಗು.

"ಆಕಿಗೊಮ್ಮೆ ಮಾರಿ ತೋರಿಸಿ ಬರೋಣು ಬರ್ರಿ. ಒಬ್ಬಾಂವ ಹೋಗಾಕ ಧೈರ್ಯ ಸಾಲವಲ್ದು" ಎಂದು ಅವರೇ ಕರೆದಿದ್ದರು. ಊರಿನ ಯಾರನ್ನೂ ಲೆಕ್ಕಕ್ಕಿಡದ ಮನುಷ್ಯ ಆಟೋದಲ್ಲಿ ಬೆವರುತ್ತಿದ್ದರು. ಸಂತ್ರಾದ ಸುಗ್ಗಿ, ಮಾರುಕಟ್ಟೆಯ ತುಂಬ ಲಾರಿಗಳು. ಶೇವಂತಾಬಾಯಿ ರಾಶಿಯ ನಡುವೆ ಕುಳಿತು, ದೊಡ್ಡದು ಒಂದು ಬುಟ್ಟಿಗೆ, ಸಣ್ಣದು ಒಂದು ಬುಟ್ಟಿಗೆ ಎಸೆಯುತ್ತ ಜೊತೆಯವಳೊಂದಿಗೆ ಮಾತಾಡುತ್ತಿದ್ದಳು. ತಲೆ ಎತ್ತಿದಳು. ಕಾಕಾನನ್ನು ಕಂಡದ್ದೇ ಸೆರಗನ್ನು ಸರಕ್ಕನೆ ಮುಖದ ಮೇಲಕ್ಕೆ ಎಳೆದುಕೊಂಡಳು.

ಕಾಕಾ ಅಲ್ಲೇ ನಿಂತರು. ಎರಡೂ ಕೈಗಳನ್ನು ಎತ್ತಿ, ಬೆರಳು ಬಿಡಿಸಿ ತೋರಿಸಿದರು. "ಕ್ಯಾಮೆರಾ ನಾಹೀ, ಬಾಯಿ. ಆಣಲಾಚ್ ನಾಹೀ" ಎಂದರು. ತಂದೇ ಇಲ್ಲ.

"ಠಾವೂಕ್ ಆಹೇ, ಭಾಊ" ಎಂದಳು ಅವಳು, ಗೊತ್ತು ಎಂದು. ದನಿಯಲ್ಲಿ ಸಿಟ್ಟಿರಲಿಲ್ಲ. ಗೋಣಿಚೀಲ ಹಾಸಿ ಕೂರಿಸಿದಳು, ಚಹಾ ತರಿಸಿದಳು, ಕಾಕು ಹೇಗಿದ್ದಾರೆಂದು ಕೇಳಿದಳು. ಕಾಕಾ ಬಿಸಿ ಚಹಾವನ್ನು ನೆಲ ನೋಡುತ್ತ ಕುಡಿದರು. ಲಾರಿ ತುಂಬುವ ಅವಸರ, ಅವಳಿಗೆ ಎರಡು ಕೈಯೂ ಬೇಕಿತ್ತು. ಸೆರಗು ಜಾರದಂತೆ ಅದರ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹಣ್ಣು ಆರಿಸತೊಡಗಿದಳು. ನಾವು ಎದ್ದು ಹೊರಡುವವರೆಗೂ ಕಚ್ಚಿಕೊಂಡೇ ಇದ್ದಳು.