ಎಡ ಜೇಬಿನ ಹುಣಸೆ ಬೀಜಗಳು

ಇಪ್ಪತ್ತೈದು ಹುಣಸೆ ಬೀಜಗಳನ್ನು ನಾನೇ ಎಣಿಸಿ ಬಲ ಜೇಬಿಗೆ ಹಾಕಿಕೊಂಡಿದ್ದೆ. ದೂರದ ಓಟದಲ್ಲಿ ಒಬ್ಬೊಬ್ಬ ಓಟಗಾರನಿಗೂ ಸುತ್ತು ಎಣಿಸುವವನೊಬ್ಬ ಇರುತ್ತಿದ್ದ. ಓಟಗಾರ ಎದುರು ದಾಟಿದಾಗಲೆಲ್ಲ ಒಂದು ಬೀಜ ಎಡ ಜೇಬಿಗೆ. ಬಲ ಜೇಬಿನಲ್ಲಿ ಒಂದೇ ಉಳಿದಾಗ, ಕೊನೆಯ ಸುತ್ತೆಂದು ಗಂಟೆ ಬಾರಿಸಬೇಕು. ಐವತ್ತರ ದಶಕದ ಕೊನೆ, ಉಡುಪಿಯ ಮೈದಾನ. ನಾನು ಹೈಸ್ಕೂಲು ಮುಗಿಸಿ ಕೆಲಸಕ್ಕೆ ಅಲೆಯುತ್ತಿದ್ದೆ.

ನನ್ನ ಪಾಲಿಗೆ ಬಂದವನು ಕಾಪುವಿನ ಮೀನು ಹೊರುವವನು. ದೋಣಿ ದಡಕ್ಕೆ ಬಂದ ಕೂಡಲೇ ಕಾವಡಿಯಲ್ಲಿ ಬಂಗುಡೆ ಹೊತ್ತು, ಹಾಳಾಗುವ ಮೊದಲು ಒಳನಾಡಿನ ಬೆಳ್ಮಣ್ ಪೇಟೆಗೆ ಓಡುತ್ತಲೇ ಮುಟ್ಟಿಸುತ್ತಿದ್ದ. ನಿಗದಿಯಾದ ಸಮಯದೊಳಗೆ ಮುಗಿಸಿದರೆ ಅವನನ್ನು ಬೆಂಗಳೂರಿನ ರಾಜ್ಯ ಕ್ರೀಡಾಕೂಟಕ್ಕೆ ಕಳುಹಿಸುವವರಿದ್ದರು. ಹದಿನೈದನೆಯ ಸುತ್ತಿನಲ್ಲೇ ಉಳಿದವರನ್ನೆಲ್ಲ ಒಂದು ಸುತ್ತು ಹಿಂದೆ ಹಾಕಿದ್ದ.

ಆಗ ಕಾರ್ಕಳದ ಕಡೆಯ ಒಬ್ಬ ಹೆಡ್‌ಮಾಸ್ಟರು ನನ್ನ ಮುಂದೆ ಬಂದರು. ಅವರ ಶಾಲೆಯ ಗುಮಾಸ್ತನ ಕೆಲಸಕ್ಕೆ ನಾನು ಅರ್ಜಿ ಹಾಕಿದ್ದೆ. ಎದ್ದು ನಿಂತು ಎರಡೂ ಕೈ ಜೋಡಿಸಿದೆ. ಅವರು ನೋಡುತ್ತಿರುವಾಗ ಕೈ ಇಳಿಸುವುದು ಹೇಗೆ? ಅಷ್ಟರಲ್ಲಿ ಬರಿಗಾಲಿನ ಸದ್ದು ಹಾದುಹೋಯಿತು.

ಬೀಜ ಹಾಕಿದೆನೋ, ಇಲ್ಲವೋ? ಈಗ ಹಾಕಿ ಎರಡಾಗಿಬಿಟ್ಟರೆ? ಪಕ್ಕದವನನ್ನು ಕೇಳಿದರೆ ಹೆಡ್‌ಮಾಸ್ಟರಿಗೂ ಕೇಳಿಸುತ್ತದೆ. ಇಪ್ಪತ್ತೈದು ಎಣಿಸಲಾರದವನನ್ನು ಗುಮಾಸ್ತನಾಗಿ ಯಾರು ಇಟ್ಟುಕೊಳ್ಳುತ್ತಾರೆ? ಬೆವರಿಗೆ ಬೀಜಗಳು ಅಂಗೈಗೆ ಅಂಟುತ್ತಿದ್ದವು. ಅವನು ಎದುರು ಬಂದಾಗಲೆಲ್ಲ ಒಂದೊಂದನ್ನೇ ಎಡ ಜೇಬಿಗೆ ದಾಟಿಸುತ್ತ ಹೋದೆ.

ಕೊನೆಗೊಮ್ಮೆ ಅವನು ನನ್ನ ಮುಂದೆ ಬಂದು ನಿಧಾನಿಸಿದ. ಅವನ ಲೆಕ್ಕದಲ್ಲಿ ಓಟ ಮುಗಿದಿತ್ತು. ನನ್ನ ಬಲ ಜೇಬಿನಲ್ಲಿ ಇನ್ನೂ ಒಂದು ಬೀಜವಿತ್ತು. ನಾನು ಆಗ ಗಂಟೆ ಬಾರಿಸಿದೆ. ನನ್ನ ಮುಖ ನೋಡಿ ಮತ್ತೆ ಓಡಿದ. ಬೀಜ ಹಾಕಿರಲಿಲ್ಲವೆಂದು ನನಗೆ ಆಗಲೇ ತಿಳಿಯಿತು.

ಆದರೂ ಅವನೇ ಮೊದಲಿಗನಾದ. ಸಮಯ ಮಾತ್ರ ಮೀರಿತ್ತು.

"ಒಂದು ಸುತ್ತು ಜಾಸ್ತಿ ಆಯ್ತಲ್ವಾ ಮಾಸ್ಟ್ರೇ?" ಏದುಸಿರು ಬಿಡುತ್ತ ನನ್ನನ್ನು ಕೇಳಿದ. ಮಾಸ್ತರನಲ್ಲದ ನನಗೆ ಆ ಮರ್ಯಾದೆ.

ಗಡಿಯಾರ ಹಿಡಿದಿದ್ದ ಅಧಿಕಾರಿ ನಕ್ಕರು. "ಎಂತ ಮಾರಾಯ, ಮೀನಿನ ಬುಟ್ಟಿ ಇಲ್ಲದಿದ್ರೆ ನಿನಗೆ ಓಡ್ಲಿಕ್ಕೆ ಬರುದಿಲ್ವಾ?" ಮತ್ತೆ ನನ್ನತ್ತ ತಿರುಗಿ, "ಲೆಕ್ಕ ಸರಿ ಉಂಟಲ್ಲ?" ಎಂದರು.

ಹೆಡ್‌ಮಾಸ್ಟರು ಅಲ್ಲೇ ನಿಂತಿದ್ದರು. ಎಡ ಜೇಬಿನ ಬೀಜಗಳನ್ನು ಮೇಜಿನ ಮೇಲೆ ಸುರಿದೆ. ಇಪ್ಪತ್ತೈದು.

"ಸರಿ ಉಂಟು ಸರ್."

ಅವನು ಬೀಜಗಳನ್ನೇ ನೋಡಿದ. "ಹಾಗಾದ್ರೆ ನನ್ನ ಕಾಲೇ ಸೋತದ್ದು. ಶಾಲೆ ಕಲಿತವರ ಲೆಕ್ಕ ತಪ್ಪುದುಂಟಾ?"

ಕೆಲಸ ನನಗೆ ಸಿಕ್ಕಿತು. ಅರವತ್ತರ ದಶಕದಲ್ಲಿ ಕಾರ್ಕಳಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಅವನನ್ನು ಎಷ್ಟೋ ಸಲ ಕಂಡೆ. ಕಾವಡಿ ಹೊತ್ತು ನಡೆಯುತ್ತಿದ್ದ. ಓಡುತ್ತಿರಲಿಲ್ಲ. ಒಮ್ಮೆ ಬೆಳ್ಮಣ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಎದುರೇ ಸಿಕ್ಕಿದ. ಬೇರೇನೂ ತೋಚದೆ, "ಈಗ ಓಟಕ್ಕೆ ಹೋಗುವುದಿಲ್ಲವಾ?" ಎಂದೆ.

"ಎಂತಕ್ಕೆ ಮಾಸ್ಟ್ರೇ? ನನ್ನ ಕಾಲು ಎಷ್ಟು ಅಂತ ಆ ದಿನ ಗೊತ್ತಾಯ್ತಲ್ಲ" ಎಂದು ಬುಟ್ಟಿಯ ಮೇಲಿನ ಎಲೆ ಸರಿಪಡಿಸಿದ.

ಹೇಳಬೇಕಾದದ್ದು ಒಂದೇ ಮಾತು. ನಾಲಿಗೆಯವರೆಗೆ ಬಂದಿತ್ತು. ಬಸ್ಸು ಬಂತು, ನಾನು ಹತ್ತಿದೆ.