ಕಂಬದ ಪಕ್ಕದ ಕಿವಿಬಿಲ್ಲೆ

ತರೀಕೆರೆ ಪೇಟೆಯಲ್ಲಿ ಹೊಸ ಬಿಂದಿಗೆಯನ್ನು ಯಾವ ಅಂಗಡಿಯಲ್ಲೇ ಕೊಳ್ಳಲಿ, ಮನೆಗೆ ಒಯ್ಯುವ ಮೊದಲು ಬೆನಕಪ್ಪನ ಜಗಲಿಗೆ ತಂದು ತೋರಿಸುವುದು ಆ ಕಾಲದಲ್ಲಿ ಹೆಂಗಸರಿಗೆ ರೂಢಿಯಾಗಿತ್ತು. ಬೆನಕಪ್ಪನದೂ ಪಾತ್ರೆ ಅಂಗಡಿಯೇ. ತನ್ನಲ್ಲಿ ಕೊಳ್ಳದೆ ಬೇರೆಯವನಲ್ಲಿ ಕೊಂಡು ಬಂದರಲ್ಲ ಎಂಬ ಹೊಟ್ಟೆಯುರಿ ಅವನಿಗಿರಲಿಲ್ಲ. ಬಿಂದಿಗೆಯನ್ನು ಎಡಗೈಯಲ್ಲಿ ತೂಗಾಡಲು ಬಿಟ್ಟು ಬಲಗೈ ನಡುಬೆರಳ ಗೆಣ್ಣಿನಿಂದ ಒಂದೇ ಒಂದು ಸಲ ಕುಟ್ಟುತ್ತಿದ್ದ. ಆ ಸದ್ದು ಪೂರ್ತಿ ಆರಿಹೋಗುವ ತನಕ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಆಮೇಲೆ, "ಬೆಸುಗೆ ಹುಸಿ ಐತೆ, ವಾಪಸ್ ಕೊಟ್ ಬಾರಮ್ಮ" ಎಂದೋ, "ಹೋಗು, ನಿನ್ ಮೊಮ್ಮಕ್ಳೂ ನೀರು ಹೊರ್ತಾರೆ ಇದ್ರಾಗೆ" ಎಂದೋ ತೀರ್ಪು ಕೊಡುತ್ತಿದ್ದ.

ಹೇಳುವುದರಲ್ಲಿ ಮಾತ್ರ ನಯವಿರಲಿಲ್ಲ. ಒಂದು ಮದುವೆಮನೆಯಲ್ಲಿ ಬೀಗರು ಕೊಟ್ಟ ತಾಮ್ರದ ಹಂಡೆಯನ್ನು ನಾಲ್ಕು ಜನರೆದುರಿಗೆ ಕುಟ್ಟಿ, ತೇಪೆ ಹಾಕಿದ ಹಂಡೆ ಎಂದು ಸಾರಿಬಿಟ್ಟ. ಊಟಕ್ಕೆ ಕೂತ ಪಂಕ್ತಿ ಅರ್ಧಕ್ಕೆ ಎದ್ದಿತು. ತಪ್ಪು ಅವನದೇ? ಹಂಡೆಗೆ ತೇಪೆ ಇದ್ದದ್ದು ನಿಜ, ಕೊಟ್ಟವರಿಗೆ ಮಾನ ಇರಬೇಕಿತ್ತು. ಆದರೂ ಅಂಥವನ ಪಕ್ಕದಲ್ಲಿ ಎಲೆ ಹಾಕಿಸಿಕೊಂಡು ಕೂರಲು ಯಾರಿಗೂ ಮನಸ್ಸಾಗುವುದಿಲ್ಲ. ಹೆಂಡತಿ ಮಲ್ಲಿಕಾಂಬ ಬದುಕಿದ್ದ ತನಕ ಅವಳ ನಗುಮುಖ ನೋಡಿ ನೆಂಟರು ಬರುತ್ತಿದ್ದರು. ಅವಳು ತೀರಿಕೊಂಡ ಮೇಲೆ ಅದೂ ನಿಂತಿತು. ಮಕ್ಕಳಿರಲಿಲ್ಲ. ಜನ ಬರುತ್ತಿದ್ದರು, ಪಾತ್ರೆ ಕುಟ್ಟಿಸಿಕೊಳ್ಳುತ್ತಿದ್ದರು, ಹೋಗುತ್ತಿದ್ದರು. ಕೂರು ಎಂದರೆ ಎಲ್ಲರಿಗೂ ಮನೆಯಲ್ಲಿ ಕೆಲಸ.

ಕೂರುತ್ತಿದ್ದವನು ಲಕ್ಕಣ್ಣ ಒಬ್ಬನೇ. ಅವನು ಬಸ್ ಸ್ಟಾಂಡಿನಲ್ಲಿ ಏಜೆಂಟ್. ಬೆಳಗಿನಿಂದ "ಅಜ್ಜಂಪುರ, ಅಜ್ಜಂಪುರ, ಬೀರೂರು, ಕಡೂರು" ಎಂದು ಕೂಗಿ ಕೂಗಿ ಸಂಜೆಯ ಹೊತ್ತಿಗೆ ಅವನ ಗಂಟಲಲ್ಲಿ ಗಾಳಿ ಬಿಟ್ಟರೆ ಬೇರೇನೂ ಉಳಿದಿರುತ್ತಿರಲಿಲ್ಲ. ಬೆನಕಪ್ಪನಿಗೆ ಹಗಲೆಲ್ಲ ಆಡದೆ ಉಳಿದ ಮಾತು. ಹೀಗಾಗಿ ಇಬ್ಬರಿಗೂ ಹೊಂದಿಕೊಂಡಿತ್ತು.

ಭದ್ರಾವತಿಯಲ್ಲಿ ರೇಡಿಯೊ ಕೇಂದ್ರ ಶುರುವಾದ ಮೇಲಿನ ಮಾತು ಇದು. ಹಳೆ ಪಾತ್ರೆ ತೆಗೆದುಕೊಂಡು ಹೊಸದು ಕೊಡುವ ವ್ಯಾಪಾರವೂ ಬೆನಕಪ್ಪನಿಗಿತ್ತು. ಕೆಮ್ಮಣ್ಣುಗುಂಡಿ ಕಡೆಯಿಂದ ಬಂದ ಗುಜರಿ ಮೂಟೆಯೊಂದರಲ್ಲಿ ಕರಿಯ ಹೆಡ್‌ಫೋನು ಸಿಕ್ಕಿತು. ಮಿಲಿಟರಿಯದೋ ಗಣಿಯದೋ, ಯಾರೂ ಹೇಳುವವರಿಲ್ಲ. ತಲೆಯ ಮೇಲಿನ ಪಟ್ಟಿ ಮುರಿದಿತ್ತು. ಹೆಸರು ಕೊರೆದಿದ್ದ ಜಾಗ ಸವೆದು ನುಣ್ಣಗಾಗಿತ್ತು. ಹೈಸ್ಕೂಲಿನ ಸೈನ್ಸ್ ಮೇಷ್ಟ್ರು ಮಲ್ಲಿಕಾರ್ಜುನ ಅದನ್ನು ನೋಡಿ ಆಸೆಪಟ್ಟು, ಕಡ್ಡಿಪೆಟ್ಟಿಗೆಯಷ್ಟು ಹಲಗೆಯ ಮೇಲೆ ತಂತಿಯ ಸುರುಳಿಯನ್ನೂ ಒಂದು ಹರಳನ್ನೂ ಕೂರಿಸಿ, ಹಿತ್ತಲ ಬೇವಿನ ಮರದಿಂದ ಮಾಳಿಗೆಗೆ ಉದ್ದ ತಂತಿ ಎಳೆದು ಕೊಟ್ಟರು. ಕರೆಂಟೂ ಬೇಡ, ಬ್ಯಾಟರಿಯೂ ಬೇಡ. ಭದ್ರಾವತಿ ತಾನಾಗಿ ಬಂದು ಕಿವಿಯಲ್ಲಿ ಕೂರುತ್ತಿತ್ತು. ಸ್ವಲ್ಪ ದಿನಕ್ಕೆ ಮೇಷ್ಟ್ರಿಗೆ ಕಡೂರಿಗೆ ವರ್ಗವಾಯಿತು. ಜಗಲಿಯ ಮೇಲೆ ಆ ಹಲಗೆ ಉಳಿಯಿತು.

ಪಟ್ಟಿ ಮುರಿದದ್ದೇ ಒಳ್ಳೆಯದಾಯಿತು. ಕಿವಿಗೆ ಹಿಡಿಯುವ ಎರಡು ಬಿಲ್ಲೆಗಳೂ ಬೇರೆ ಬೇರೆ ತಂತಿಗೆ ನೇತಾಡುತ್ತಿದ್ದವು. ಗಿರಾಕಿ ಬಂದರೆ ಏಳಬೇಕಲ್ಲ, ಅದಕ್ಕೆ ಬೆನಕಪ್ಪ ಬಾಗಿಲ ಪಕ್ಕ. ಲಕ್ಕಣ್ಣ ಕಂಬಕ್ಕೆ ಒರಗಿಕೊಂಡು. ಬಾಗಿಲ ಕಡೆಯ ಬಿಲ್ಲೆ ಇವನಿಗೆ, ಕಂಬದ ಕಡೆಯದು ಅವನಿಗೆ. ಸಂಜೆ ಕೊನೆಯ ಅಜ್ಜಂಪುರ ಬಸ್ಸು ಬಿಟ್ಟಮೇಲೆ ಇಬ್ಬರೂ ಒಂದೊಂದು ಕಿವಿಗೆ ಒತ್ತಿಕೊಂಡು ಕೂರುತ್ತಿದ್ದರು. ಬೆನಕಪ್ಪ ಸುಮ್ಮನೆ ಕೇಳುವವನಲ್ಲ.

"ನೋಡ್ಲೇ ಲಕ್ಕ, ಈಗ ತಂಬೂರಿ. ನಾಕೂ ತಂತಿ ಬೇರೆ ಬೇರೆ ಕೇಳ್ತೈತೆ. ಕೊನೇ ತಂತಿ ಒಂಚೂರು ಇಳಿದೈತೆ, ಬಿಗಿ ಮಾಡ್ಬೇಕಿತ್ತು ಅವ್ನು."

"ಹೂಂ."

"ಅಗೋ, ಪಿಟೀಲಿನವನು ಉಸಿರು ಎಳ್ಕಂಡ. ಉಸಿರು ಕಣೋ, ಅದೂ ಕೇಳ್ತೈತೆ."

"ಹೂಂ ಕಣಪ್ಪ."

ಹೀಗೆ ಎರಡು ಮಳೆಗಾಲ ಕಳೆದವು.

ಅಷ್ಟರಲ್ಲಿ ಮಲ್ಲಿಕಾಂಬಳ ತಮ್ಮ ಜಯದೇವಪ್ಪ ಎದುರು ಸಾಲಿನಲ್ಲಿ ರೇಡಿಯೊ ಅಂಗಡಿ ತೆರೆದ. ಸ್ವರ್ಣಹಂಸ ಕಂಪನಿಯ ಏಜೆನ್ಸಿ. ಅಂಗಡಿಯಷ್ಟೇ ಉದ್ದದ ಬೋರ್ಡು, ಅದರ ಮೇಲೆ ಬಂಗಾರದ ಬಣ್ಣದ ಹಂಸ, ಹಂಸದ ಕೆಳಗೆ "ಕಿವಿಗೆ ಜೇನು, ಮನೆಗೆ ಮಾನ" ಎಂಬ ಬರಹ. ಜಟಕಾ ಗಾಡಿಗೆ ಧ್ವನಿವರ್ಧಕ ಕಟ್ಟಿ ಊರೆಲ್ಲ ಸುತ್ತಿಸಿದ. ಮನೆಮನೆಗೂ ಹಂಸದ ಕ್ಯಾಲೆಂಡರ್ ಹಂಚಿದ. ಅಂಗಡಿ ಮುಂದೆ ಬೆಂಚು ಹಾಕಿಸಿ, ಬಂದು ಕೂತವರಿಗೆಲ್ಲ ಕಾಫಿ ಕೊಡಿಸುತ್ತಿದ್ದ. ಕಾಫಿ ಕುಡಿದು, ಬಂಗಾರದ ಹಂಸ ನೋಡಿ, ಆಮೇಲೆ ಕೇಳಿದರೆ ಯಾವ ಡಬ್ಬ ತಾನೇ ಚೆನ್ನಾಗಿ ಹಾಡುವುದಿಲ್ಲ? ಜನರಿಗೆ ಅಷ್ಟೂ ತಿಳಿಯುವುದಿಲ್ಲ.

ಒಂದು ಸಂಜೆ ಜಯದೇವಪ್ಪ ಕೆಂಪು ಮಖಮಲ್ಲಿನ ಪೆಟ್ಟಿಗೆ ಹಿಡಿದು ಭಾವನ ಜಗಲಿಗೆ ಬಂದ. ಹಿಂದೆ ಬೆಂಚಿನ ಮೇಲಿದ್ದವರೂ ಬಂದರು. ಪೆಟ್ಟಿಗೆಯೊಳಗೆ ಸ್ವರ್ಣಹಂಸದ ಹೊಸ ಹೆಡ್‌ಫೋನು. ಎರಡು ಬಿಲ್ಲೆಗಳ ಸುತ್ತಲೂ ಹೊಳೆಯುವ ಬಳೆ.

"ಭಾವ, ಒಂದ್ಸಲ ಕೇಳಿ, ಚೆನ್ನಾಗೈತೆ ಅಂದ್ಬಿಡಿ, ಸಾಕು. ಊರು ನಿಮ್ ಕಿವಿ ನಂಬ್ತೈತೆ."

"ಚೆನ್ನಾಗಿದ್ರೆ ಅಂತೀನಿ."

"ಕಂಪನಿ ಮಾಲು ಭಾವ. ಬೊಂಬಾಯಿಯಾಗೆಲ್ಲ ಇದನ್ನೇ ಹಾಕ್ಕಳದು."

"ಬೊಂಬಾಯಿಯವ್ರ ಕಿವಿಯಾಗೆ ಕೇಳಕ್ಕಾಗ್ತೈತೇನೋ ನಾನು? ತತ್ತಾ ಇಲ್ಲಿ."

ತನ್ನ ಹಳೆ ಹೆಡ್‌ಫೋನನ್ನು ಬಿಚ್ಚಿ ಹೊಸದನ್ನು ಹಲಗೆಗೆ ಸಿಕ್ಕಿಸಿದ. ಯಾರೋ ಹೆಂಗಸು ಹಾಡುತ್ತಿದ್ದಳು. ಕಣ್ಣು ಮುಚ್ಚಿ ಕೇಳಿದ. ಮತ್ತೆ ಹಳೆಯದನ್ನು ಸಿಕ್ಕಿಸಿ ಬಾಗಿಲ ಕಡೆಯ ಬಿಲ್ಲೆ ಹಿಡಿದು ಕೇಳಿದ. ಬಿಂದಿಗೆ ಇಳಿಸುವ ಹಾಗೆ ಹೊಸದನ್ನು ಕೆಳಗಿಟ್ಟ.

"ಕಂಬಳಿ ಹೊದ್ಕಂಡು ಹಾಡ್ದಂಗೈತೆ ಜಯದೇವ. ತಂಬೂರಿ ತಂತಿ ನಾಕೂ ಸೇರಿ ಒಂದೇ ಮುದ್ದೆ. ನೀನು ಪೆಟ್ಟಿಗೆ ಮಾರು. ಮಖಮಲ್ಲು ಬಲು ಚೆನ್ನಾಗೈತೆ."

ಹಿಂದಿದ್ದವರು ನಕ್ಕರು. ಜಯದೇವಪ್ಪನ ಮುಖ ಸಣ್ಣಗಾಯಿತು. ವ್ಯಾಪಾರಸ್ಥ, ಅಷ್ಟಕ್ಕೆ ಬಿಡುವವನಲ್ಲ. "ಲಕ್ಕಣ್ಣನೂ ದಿನಾ ಕೇಳ್ತಾನಲ್ಲ, ಅವನೂ ಒಂದು ಮಾತು ಹೇಳ್ಲಿ" ಎಂದ.

ಲಕ್ಕಣ್ಣ ಹೊಸದನ್ನು ಹಾಕಿಕೊಂಡ. ಹಾಕಿಕೊಂಡವನು ಬಹಳ ಹೊತ್ತು ತೆಗೆಯಲೇ ಇಲ್ಲ. ಬಾಯಿ ಅರೆ ತೆರೆದಿತ್ತು. ಹಳೆಯದನ್ನು ಮತ್ತೆ ಸಿಕ್ಕಿಸಿದ ಮೇಲೆ, ಅಭ್ಯಾಸದಂತೆ ಕಂಬದ ಕಡೆಯ ಬಿಲ್ಲೆಯನ್ನು ಕಿವಿಗೆ ಹಿಡಿದ. ಬಾಗಿಲ ಕಡೆಯದು ಬೆನಕಪ್ಪನ ಕೈಯಲ್ಲೇ ಇತ್ತು.

"ನಂಗೆ ಆ ಹೊಸದೇ ಚೆನ್ನಾಗಿ ಕೇಳ್ತೈತೆ ಬೆನಕಣ್ಣ" ಎಂದ ಮೆಲ್ಲಗೆ.

ಬೆನಕಪ್ಪನ ಮೈಗೆ ಬೆಂಕಿ ಬಿದ್ದಂತಾಯಿತು. "ಒಂದ್ ಲೋಟ ಕಾಫಿಗೆ ಕಿವಿ ಮಾರ್ಕಂಡ್ಯೇನಲೇ? ಬೆಳಗಿಂದ ಹಾರನ್ ಕೇಳೋ ಕಿವಿ ನಿಂದು, ಎರಡು ವರ್ಷ ಪಕ್ಕದಾಗೆ ಕೂರಿಸ್ಕಂಡು ಕೇಳಿಸಿದ್ದು ನನ್ ತಪ್ಪು."

ಲಕ್ಕಣ್ಣ ಬಿಲ್ಲೆಯನ್ನು ಕಂಬದ ಬುಡದಲ್ಲಿ ಹುಷಾರಾಗಿ ಇಟ್ಟ. ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಕಾಫಿ ನಾನು ಕುಡಿಯೋದೇ ಇಲ್ಲ. ನಿಂಗದು ಗೊತ್ತು" ಎಂದು ಜಗಲಿ ಇಳಿದ.

ಮರುದಿನ ಸಂಜೆ ಅವನು ಎದುರು ಸಾಲಿನ ಬೆಂಚಿನ ಮೇಲಿದ್ದ. ಅದರ ಮರುದಿನವೂ ಅಲ್ಲೇ.

ಹೋದರೆ ಹೋಗಲಿ, ನೆಮ್ಮದಿಯಾಗಿ ಕೇಳಬಹುದು ಎಂದುಕೊಂಡ ಬೆನಕಪ್ಪ. ಕೇಳಿದ. ಹಾಡು ಮೊದಲಿನ ಹಾಗೇ ಚೊಕ್ಕವಾಗಿತ್ತು. ಪಿಟೀಲಿನವನು ಉಸಿರೆಳೆದದ್ದು ಕೇಳಿ, "ಲೇ" ಎಂದು ಕಂಬದ ಕಡೆ ತಿರುಗಿದ. ಕಂಬದಲ್ಲಿ ಲಕ್ಕಣ್ಣನ ಬೆನ್ನು ಒರಗಿ ಒರಗಿ ಎಣ್ಣೆ ಹತ್ತಿದ ಕಪ್ಪು ಕಲೆ ಮಾತ್ರ ಇತ್ತು. ಒಂದೊಂದು ದಿನ ಯಾರಿಗೂ ಅಲ್ಲದ ಹಾಗೆ, "ಇವತ್ತು ತಂಬೂರಿ ಸರಿ ಕೂಡಿಸವ್ನೆ" ಎಂದು ತಾನೇ ಹೇಳಿಕೊಳ್ಳುತ್ತಿದ್ದ. ಹೂಂ ಎನ್ನುವವರಿಲ್ಲದೆ ಆ ಮಾತು ಬಾಯಲ್ಲೇ ಒಣಗುತ್ತಿತ್ತು. ಎದುರಿನ ಬೆಂಚಿನಲ್ಲಿ ಸ್ವರ್ಣಹಂಸ ಬೊಬ್ಬೆ ಹೊಡೆಯುತ್ತಿತ್ತು, ಜನ ಅದರ ಮೇಲೆಯೇ ಮಾತಾಡುತ್ತಿದ್ದರು, ನಗುತ್ತಿದ್ದರು. ಲಕ್ಕಣ್ಣ ನಕ್ಕರೆ ಸದ್ದಿರುತ್ತಿರಲಿಲ್ಲ, ಹೆಗಲು ಕುಣಿಯುತ್ತಿತ್ತು. ಈ ಜಗಲಿಯಿಂದಲೇ ಅದು ಕಾಣುತ್ತಿತ್ತು.

ಪೇಟೆ ಬಾಗಿಲು ಹಾಕಿದ ಒಂದು ಅಮಾವಾಸ್ಯೆ ಮಧ್ಯಾಹ್ನ. ಬೀದಿಯಲ್ಲಿ ನಾಯಿಯೂ ಬೊಗಳುತ್ತಿರಲಿಲ್ಲ. ಮನೆಯೊಳಗೆ ಒಂದು ದನಿಯಾದರೂ ಓಡಾಡಲಿ ಎನಿಸಿತು ಬೆನಕಪ್ಪನಿಗೆ. ಹಲಗೆಯನ್ನು ನಡುಮನೆಗೆ ತಂದ. ಮಲ್ಲಿಕಾಂಬ ತವರಿನಿಂದ ತಂದಿದ್ದ ಕಂಚಿನ ಗಂಗಾಳವನ್ನು ನೆಲದ ಮೇಲಿಟ್ಟು, ಬಾಗಿಲ ಕಡೆಯ ಬಿಲ್ಲೆಯನ್ನು ಅದರ ತಳಕ್ಕೆ ಮಗುಚಿ ಹಾಕಿದ. ಗಂಗಾಳ ಹಾಡಿತು. ಸೊಳ್ಳೆಯಷ್ಟು ಸಣ್ಣ ದನಿ, ಆದರೂ ಕೋಣೆಯೊಳಗೆ ಒಬ್ಬರು ಬಂದು ಕೂತಂತಾಯಿತು. ಎಷ್ಟೋ ದಿನದ ಮೇಲೆ ಅವನ ಮುಖ ಬಿಚ್ಚಿತು.

ಎರಡು ಗಂಗಾಳ ಇಟ್ಟರೆ ದನಿ ಇಮ್ಮಡಿಯಾಗಬೇಕಲ್ಲ ಎಂದು ಇನ್ನೊಂದನ್ನು ತಂದು ಕಂಬದ ಕಡೆಯ ಬಿಲ್ಲೆಯನ್ನು ಅದರಲ್ಲಿ ಹಾಕಿದ. ಅದು ಪಿಟ್ಟೆನ್ನಲಿಲ್ಲ. ಪಾತ್ರೆಯವನು ಮೊದಲು ಪಾತ್ರೆಯನ್ನೇ ಅನುಮಾನಿಸುತ್ತಾನೆ. ಆ ಗಂಗಾಳವನ್ನು ಕುಟ್ಟಿ ನೋಡಿದ, ಸರಿಯಾಗಿತ್ತು. ಆದರೂ ಬೈದು ಪಕ್ಕಕ್ಕೆ ತಳ್ಳಿದ. ಹಿತ್ತಾಳೆ ಬೋಗುಣಿ ತಂದ, ತಾಮ್ರದ ಚರಿಗೆ ತಂದ, ಅಂಗಡಿಯ ಬೀರುವಿನಿಂದ ಹೊಸ ತಟ್ಟೆಗಳನ್ನೆಲ್ಲ ಇಳಿಸಿದ. ಒಂದೂ ಹಾಡಲಿಲ್ಲ. ಕೊನೆಗೆ ಬೇಸತ್ತು ಆ ಬಿಲ್ಲೆಯನ್ನೇ ಎತ್ತಿ ಕಿವಿಗೆ ಹಿಡಿದ.

ಕಡ್ಡಿಪೆಟ್ಟಿಗೆಯಲ್ಲಿ ಕೂಡಿಹಾಕಿದ ನೊಣದಂತೆ ಏನೋ ಒಂದು ಗುಂಯ್ ಎನ್ನುತ್ತಿತ್ತು. ಹಾಡೋ ಭಾಷಣವೋ ತಿಳಿಯುವಂತಿರಲಿಲ್ಲ. ಮುಚ್ಚಳ ತಿರುಗಿಸಿ ತೆಗೆದ. ಒಳಗಿನ ತೆಳು ತಗಡು ತುಕ್ಕು ಹಿಡಿದು ಅಯಸ್ಕಾಂತಕ್ಕೆ ಕಚ್ಚಿಕೊಂಡಿತ್ತು. ಉಗುರಿನಿಂದ ಎಬ್ಬಿಸಹೋದರೆ ಬಿಸ್ಕತ್ತಿನ ಹಾಗೆ ಅಂಚು ಮುರಿಯಿತು. ಒಂದೆರಡು ದಿನದ ತುಕ್ಕಲ್ಲ ಅದು.

ಬೆನಕಪ್ಪ ಪಾತ್ರೆಗಳ ನಡುವೆ ಹಾಗೇ ಕೂತ. ಊರಿನ ಬಿಂದಿಗೆಗಳನ್ನೆಲ್ಲ ಕುಟ್ಟಿ ನೋಡಿದ್ದ. ತನ್ನ ಜಗಲಿಯ ಮೇಲಿನ ಈ ಒಂದು ಬಿಲ್ಲೆಯನ್ನು ಒಂದು ಸಲವೂ ಕಿವಿಗೆ ಹಿಡಿದು ನೋಡಿರಲಿಲ್ಲ. ಈ ಸತ್ತ ಬಿಲ್ಲೆಯ ಎದುರು ಸ್ವರ್ಣಹಂಸವಿರಲಿ, ತೂತು ಡಬ್ಬವೂ ಜೇನೇ. ಲಕ್ಕಣ್ಣ ತನ್ನ ಕಿವಿಗೆ ಕೇಳಿದ್ದನ್ನೇ ಹೇಳಿದ್ದ.

ಮರುದಿನ ಅಂಗಡಿ ಬಾಗಿಲನ್ನು ಅರ್ಧ ಎಳೆದು ಬಸ್ ಸ್ಟಾಂಡಿಗೆ ಹೋದ. ಲಕ್ಕಣ್ಣ ಬಸ್ಸಿನ ಬಾಗಿಲಲ್ಲಿ ನಿಂತು ಕೂಗುತ್ತಿದ್ದ.

"ಯಾಕ್ಲೇ ಹೇಳ್ಲಿಲ್ಲ?" ಬೆನಕಪ್ಪನ ದನಿ ಜಗಳದ ದನಿಯೇ ಆಗಿತ್ತು. ಅವನಿಗೆ ಬೇರೆ ದನಿ ಇರಲಿಲ್ಲ.

"ಏನು ಹೇಳ್ಬೇಕಿತ್ತು? ಅಜ್ಜಂಪುರ, ಅಜ್ಜಂಪುರ."

"ನಿನ್ ಕಡೆ ಬಿಲ್ಲೆ ಸತ್ತೈತೆ ಅಂತ."

ಲಕ್ಕಣ್ಣ ಕೂಗುವುದನ್ನು ನಿಲ್ಲಿಸಿದ. "ಮೊದ್ಲು ಒಂಚೂರು ಕೇಳ್ತಿತ್ತು. ರೇಡಿಯೊ ಅಂದ್ರೆ ಇಷ್ಟೇ ಅನ್ಕಂಡಿದ್ದೆ. ಮೊದಲ್ನೇ ಮಳೆಗಾಲ ಕಳ್ದ ಮೇಲೆ ಅದೂ ಹೋಯ್ತು."

"ಮತ್ತೆ ದಿನಾ ಬಂದು ಏನು ಕೇಳ್ತಿದ್ದೆ?"

"ನೀನು ಹೇಳ್ತಿದ್ಯಲ್ಲ. ತಂಬೂರಿ ಬಂತು, ಪಿಟೀಲಿನವನು ಉಸಿರೆಳ್ದ ಅಂತ. ಅದನ್ನೇ ಕೇಳ್ಕಂಡು ಕೂರ್ತಿದ್ದೆ. ಚೆನ್ನಾಗಿತ್ತು."

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟ ಹೊಗೆಯಲ್ಲಿ ಇಬ್ಬರೂ ನಿಂತರು.

"ಹೇಳಿದ್ರೆ ರಿಪೇರಿ ಮಾಡಿಸ್ತಿದ್ದೆ" ಎಂದ ಬೆನಕಪ್ಪ.

"ಹೇಳಿದ್ನಲ್ಲಪ್ಪ ಅವತ್ತು. ನಂಗೆ ಹೊಸದೇ ಚೆನ್ನಾಗಿ ಕೇಳ್ತೈತೆ ಅಂದೆ. ಅಷ್ಟು ಜನರ ಮುಂದೆ ನೀನು ಏನಂದೆ?"

ಇದಕ್ಕೆ ಕೊಡಬೇಕಾದ ಉತ್ತರ ಒಂದೇ ಒಂದು ಮಾತು. ಬೆನಕಪ್ಪ ಅದನ್ನು ಬಿಟ್ಟು, "ಸೋಮವಾರ ಜಯದೇವನ ಅಂಗಡಿ ಇರಲ್ಲ. ಬಾ" ಎಂದಷ್ಟೇ ಹೇಳಿದ.

"ನೋಡನ" ಎಂದ ಲಕ್ಕಣ್ಣ.

ಸೋಮವಾರ ಸಂಜೆ ಅವನು ಬಂದ. ಬೆನಕಪ್ಪ ತಂತಿಗಳನ್ನು ಅದಲು ಬದಲು ಮಾಡಿ ಬಾಗಿಲ ಕಡೆಯ ಬಿಲ್ಲೆಯನ್ನು ಕಂಬದ ಬುಡದಲ್ಲಿಟ್ಟಿದ್ದ. ತಾನು ತುಕ್ಕು ಹಿಡಿದದ್ದನ್ನು ಇಟ್ಟುಕೊಂಡಿದ್ದ. ಇಬ್ಬರೂ ಒಟ್ಟಿಗೆ ಕೇಳಲು ಗಂಗಾಳವನ್ನು ಹೊರಗೆ ತರುವಂತಿರಲಿಲ್ಲ, ಬೀದಿಯ ಸದ್ದಿಗೆ ಆ ಸೊಳ್ಳೆಯ ದನಿ ನಿಲ್ಲುತ್ತಿರಲಿಲ್ಲ. ಲಕ್ಕಣ್ಣ ತನ್ನ ಕಲೆಗೆ ಬೆನ್ನು ಕೊಟ್ಟು ಕೂತು ಬಿಲ್ಲೆಯನ್ನು ಕಿವಿಗೆ ಹಿಡಿದ. ಒಮ್ಮೆ ಕಿವಿಯಿಂದ ತೆಗೆದು ತಿರುಗಿಸಿ ನೋಡಿ, ಮತ್ತೆ ಹಿಡಿದ. ಬೆನಕಪ್ಪ ಅವನ ಮುಖವನ್ನೇ ನೋಡುತ್ತಿದ್ದ. ಬೀದಿಯಲ್ಲಿ ಎತ್ತಿನ ಗಾಡಿಯೊಂದು ಹೋಯಿತು.

ಲಕ್ಕಣ್ಣ, "ಏನು ಸುಮ್ನೆ ಕೂತೆ? ಹೇಳು" ಎಂದ.

"ಏನು ಹೇಳ್ಲಿ? ನಂಗೆ ಕೇಳ್ತಿಲ್ಲ. ಇವತ್ತು ನೀನೇ ಹೇಳು."

ಲಕ್ಕಣ್ಣನಿಗೆ ಇಕ್ಕಟ್ಟಾಯಿತು. ಬಿಲ್ಲೆಯನ್ನು ಇನ್ನಷ್ಟು ಒತ್ತಿಕೊಂಡು, ಪರೀಕ್ಷೆಗೆ ಕೂತವನಂತೆ ಹುಬ್ಬು ಗಂಟಿಕ್ಕಿದ.

"ಯಾರೋ ಹಾಡ್ತಾವ್ರೆ ಕಣಪ್ಪ."

"ತಂಬೂರಿ?"

"ಐತೆ ಅನ್ಸುತ್ತೆ."

"ನಾಕು ತಂತಿನೂ?"

"ಅದೆಲ್ಲ ನಂಗೆಲ್ಲಿ ಗೊತ್ತಾಗ್ತೈತೆ ಬೆನಕಣ್ಣ."

ಬೆನಕಪ್ಪ ಹೂಂ ಎಂದ. ಹಾಡು ಮುಗಿಯುವ ತನಕ ಕೂತಿದ್ದು, ಲಕ್ಕಣ್ಣ ಬಿಲ್ಲೆಯನ್ನು ಹುಷಾರಾಗಿ ಕೆಳಗಿಟ್ಟು, "ಬತ್ತೀನಿ" ಎಂದು ಎದ್ದ. ಮತ್ತೆ ಯಾವತ್ತು ಎಂದು ಅವನು ಹೇಳಲಿಲ್ಲ, ಇವನು ಕೇಳಲಿಲ್ಲ. ಅವನು ಬೀದಿ ತಿರುಗಿದ ಮೇಲೂ ಬೆನಕಪ್ಪ ಜಾಗ ಬದಲಾಯಿಸಲಿಲ್ಲ. ಹಾಡುವ ಬಿಲ್ಲೆ ಕಂಬದ ಬುಡದಲ್ಲಿ ಕಲ್ಲಿಗೆ ಮುಖ ಮಾಡಿಕೊಂಡು ಹಾಡುತ್ತಲೇ ಇತ್ತು. ಅವನು ತುಕ್ಕು ಹಿಡಿದದ್ದನ್ನು ಕಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಲಕ್ಕಣ್ಣ ಇಷ್ಟು ದಿನ ಏನು ಕೇಳುತ್ತಿದ್ದನೋ ಅದನ್ನು ಕೇಳುತ್ತ ಕೂತ.