ಹಾಲಿನ ಸಾಲಿನಲ್ಲಿ ಕಲಿತ ಕೀಪ್

ಅವರ ಬಲಗೈ ಬೆರಳುಗಳ ಮೇಲೆಲ್ಲ ಮೆಣಸಿನ ಕಾಳಿನಷ್ಟಗಲದ ಸುಟ್ಟ ಕಲೆಗಳಿದ್ದವು. ಹಾಲಿನ ಜಿಡ್ಡು ಅಳೆಯುವಾಗ ಆಸಿಡ್ ಸಿಡಿದು ಆದವು. ತೊಂಬತ್ತರ ದಶಕದಲ್ಲಿ, ಅರಕೆರೆ ಪಕ್ಕದ ನಮ್ಮೂರಿನ ಹಾಲಿನ ಡೈರಿಗೆ ಅವರು ಸೆಕ್ರೆಟರಿ. ಬಿ.ಎ. ಓದಿ, ಮೇಷ್ಟ್ರ ಕೆಲಸ ಸಿಗದೆ ಅಲ್ಲಿ ಕೂತವರು. ಪಾಠ ಮಾಡುವ ಚಪಲ ಮಾತ್ರ ಬಿಟ್ಟಿರಲಿಲ್ಲ.

ಬೆಳಗಿನ ಸಾಲಿನಲ್ಲಿ ನಿಂತ ಹೆಂಗಸರನ್ನು ಇಂಗ್ಲಿಷಿನಲ್ಲೇ ಆಳುತ್ತಿದ್ದರು. ಕ್ಯಾನು ಇಲ್ಲಿಡು ಎನ್ನಲು ಕೀಪ್, ಸುಮ್ಮನಿರು ಎನ್ನಲು ಕೀಪ್ ಕ್ವೈಟ್, ಸಾಲು ಸಾಗಲಿ ಎನ್ನಲು ಕೀಪ್ ಮೂವಿಂಗ್. ಎಮ್ಮೆ ಒದೆಯಲು ಬಂದರೆ ನಮ್ಮಜ್ಜಿಯೂ ‘ಕೀಪ್ ಕ್ವಾಟು’ ಎಂದು ಗದರುತ್ತಿದ್ದಳು. ನಾನು ಹತ್ತನೇ ಕ್ಲಾಸಿನಲ್ಲಿ ಇಂಗ್ಲಿಷಿಗೆ ಫೇಲಾಗಿದ್ದೆ. ಅವರು ನನ್ನನ್ನು ಸಾಲಿನ ಕೊನೆಗೆ ನಿಲ್ಲಿಸಿಕೊಂಡು, ಇದೊಂದೇ ಕ್ರಿಯಾಪದವನ್ನು ವಾರಗಟ್ಟಲೆ ಅರೆದರು. ಕೊಟ್ಟ ಮಾತು ಉಳಿಸಿಕೊಳ್ಳುವುದಕ್ಕೂ ಅದೇ, ಕೋಳಿ ಸಾಕುವುದಕ್ಕೂ ಅದೇ, ಹಾಲು ಕೆಡದೆ ಇರುವುದಕ್ಕೂ ಅದೇ ಎಂದಾಗ ನನಗೆ ರೇಗಿತು. ಒಂದೊಂದಕ್ಕೆ ಒಂದೊಂದು ಪದ ಮಾಡಿಕೊಳ್ಳಲು ಆ ಬಿಳಿಯರಿಗೇನು ಬಡತನ ಬಂದಿತ್ತು ಎಂದೆ.

“ಅರ್ಥ ಉರು ಒಡೀಬ್ಯಾಡ ಕಣವ್ವ. ದಿನಾ ಬಳ್ಸು, ತಾನೇ ಕೂತ್ಕತದೆ,” ಎಂದರು.

ಅಪ್ಪ ಖಡಾಖಂಡಿತವಾಗಿ ಹೇಳಿದ್ದರು: ಅಕ್ಟೋಬರ್ ಪರೀಕ್ಷೆಯಲ್ಲೂ ಡುಮ್ಕಿ ಹೊಡೆದರೆ ಕೆ.ಆರ್. ಪೇಟೆಯ ಗಂಡಿಗೆ ಕೊಟ್ಟು ಕೈತೊಳೆದುಕೊಳ್ಳುವುದೇ. ನನಗಾಗ ಹದಿನಾರು.

ಇಂಗ್ಲಿಷ್ ಪರೀಕ್ಷೆಯ ದಿನ ಬಸ್ಸೇ ಬರಲಿಲ್ಲ. ಎಂಟೂವರೆಯಾಯಿತು. ಒಂಬತ್ತೂವರೆಗೆ ಶ್ರೀರಂಗಪಟ್ಟಣದಲ್ಲಿರಬೇಕು. ಡೈರಿಗೆ ಓಡಿದೆ. ಹಾಲು ಹಾಕಿದವರೆಲ್ಲ ಹೋಗಿಯಾಗಿತ್ತು. ನಾಯಿ ಕಾಟಕ್ಕೆ ತುಂಬಿದ ಕ್ಯಾನುಗಳನ್ನು ಒಳಗಿಟ್ಟು ಬೀಗ ಹಾಕಿ, ಬೀಗದಕೈಯನ್ನು ಹಾಲೊಯ್ಯುವ ಲಾರಿಯವನಿಗಾಗಿ ಪಕ್ಕದ ಅಂಗಡಿಯಲ್ಲಿ ಕೊಟ್ಟು ಹೋಗುವುದು ಅವರ ವಾಡಿಕೆ. ಅಂದು ಬೀಗ ಹಾಕುತ್ತಿದ್ದವರು ನನ್ನ ಮುಖ ನೋಡಿ, ಏನೂ ಕೇಳದೆ ಮೊಪೆಡ್ಡು ಸ್ಟಾರ್ಟ್ ಮಾಡಿದರು.

ಯಾರ ಕಣ್ಣಿಗೂ ಬೀಳದಂತೆ ನಾಲೆ ಏರಿಯ ದಾರಿ ಹಿಡಿದರು. ಅರ್ಧ ದಾರಿಯಲ್ಲಿ ಗಕ್ಕನೆ ನಿಲ್ಲಿಸಿ ಜೇಬು ಮುಟ್ಟಿಕೊಂಡರು. ಬೀಗದಕೈ ಅಲ್ಲೇ ಇತ್ತು. ಊರಿನ ಹಾಲೆಲ್ಲ ಒಳಗೆ. ಲಾರಿಯವನು ಹತ್ತು ನಿಮಿಷದ ಮೇಲೆ ಕಾಯುವವನಲ್ಲ. ವಾಪಸ್ ಹೋಗೋಣ ಸಾರ್ ಎಂದು ನಾನು ಇಳಿಯಲು ಹೋದೆ. ಅವರ ಕತ್ತಿನಿಂದ ಬೆವರು ಇಳಿಯುತ್ತಿತ್ತು.

“ಕೀಪ್ ಸಿಟ್ಟಿಂಗ್,” ಎಂದರು, ತಿರುಗಿ ನೋಡದೆ.

ಗೇಟು ಹಾಕುವ ಮುಂಚೆ ನಾನು ಒಳಗಿದ್ದೆ. ಇತ್ತ ಲಾರಿ ಹೊರಟುಹೋಗಿ, ಅಷ್ಟೂ ಹಾಲು ಒಡೆದುಹೋಯಿತು. ಸಂಜೆ ಡೈರಿಯ ಮುಂದೆ ಊರೇ ಸೇರಿತು. ಎಲ್ಲರಿಗಿಂತ ಜೋರಾಗಿ ಕೂಗಾಡಿದವರು ನಮ್ಮಪ್ಪ.

“ಎಲ್ಲಿಗ್ಲಾ ಓಗಿದ್ದೆ? ಬೊಗಳ್ಲಾ.”

ಸ್ವಂತ ಕೆಲಸವಿತ್ತು ಎಂದಷ್ಟೇ ಹೇಳಿ ಅವರು ತಲೆ ತಗ್ಗಿಸಿದರು. ಹರೆಯದ ಹುಡುಗಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋದೆ ಎಂದರೆ ಊರು ಏನಾಡುತ್ತದೆಂದು ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಬಸ್ಸು ತಡವಾಗಿ ಬಂತೆಂದು ಮನೆಯಲ್ಲಿ ಸುಳ್ಳು ಹೇಳಿದ್ದೆ. ಹೆಂಗಸರ ನಡುವೆ ಬಾಯಿ ಹೊಲಿದುಕೊಂಡು ಕೂತೆ. ಅವರ ಕೆಲಸ ಹೋಯಿತು. ನಾನು ಪಾಸಾದೆ.

ಹೇಡಿ ನಾನು. ನಾಗಮಂಗಲದಲ್ಲಿ ಇಂಗ್ಲಿಷ್ ಟೀಚರಾದ ಮೇಲೂ ಬಾಯಿಬಿಡಲಿಲ್ಲ. ಅವರು ತೀರಿಕೊಂಡಾಗ ಊರಿಗೆ ಹೋಗಿದ್ದೆ. ಮಣ್ಣು ಮಾಡಿ ಬಂದ ಅಪ್ಪ ಜಗಲಿಯ ಮೇಲೆ ಕೂತರು.

“ಒಳ್ಳೆ ಮನ್ಸನೇ. ಅವತ್ತು ಎಲ್ಲೋಗಿದ್ದೆ ಅಂತ ಸಾಯಗಂಟ ಬಾಯ್ಬುಡ್ನಿಲ್ಲ.”

“ನನ್ನ ಪರೀಕ್ಸೆಗೆ ಬುಡಕ್ಕೆ ಬಂದಿದ್ರು ಕಣಪ್ಪ,” ಎಂದೆ.

ಅಪ್ಪ ಎದ್ದು, ಸ್ನಾನಕ್ಕೆ ಕಾಯಿಸಿದ್ದ ನೀರನ್ನೂ ಮುಟ್ಟದೆ, ಮತ್ತೆ ಮಣ್ಣು ಮಾಡಿದ ಜಾಗದ ಕಡೆಗೇ ನಡೆದರು.